ಕೋಳಿಗೂಡಿಗೆ ಎಷ್ಟು ಜಾಗ, ಎಷ್ಟು ಗಾಳಿ? ಲೆಕ್ಕ ಶುರುವಾಗುವುದು ನೀರಿನಿಂದ

ಸಿದ್ಧಪಡಿಸಿ ಮಾರುವ ಕೋಳಿಗೂಡುಗಳ ಮೇಲೆ ‘10 ಕೋಳಿಗಳಿಗೆ’ ಎಂದೋ ‘12 ಕೋಳಿಗಳಿಗೆ’ ಎಂದೋ ಬರೆದಿರುತ್ತದೆ. ಆ ಸಂಖ್ಯೆ ಪೂರ್ತಿ ಸುಳ್ಳೇನಲ್ಲ, ಅಷ್ಟು ಕೋಳಿಗಳನ್ನು ಒಳಗೆ ತುಂಬಿ ಬಾಗಿಲು ಹಾಕಬಹುದು. ಆದರೆ ಒಳಗೆ ಹಿಡಿಸುವುದು ಬೇರೆ, ಒಳಗೆ ಬಾಳುವುದು ಬೇರೆ. ಅಂಗಳದಲ್ಲಿ ಐದಾರು ಹೇಂಟೆ ಸಾಕೋಣವೆಂದು ಹೊರಟವರು ಮೊದಲು ಎಡವುವುದು ಇಲ್ಲೇ. ಬೇಸಿಗೆಯಲ್ಲಿ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತವೆ. ಮಳೆಗಾಲದಲ್ಲಿ ಗೂಡಿನ ಬಾಗಿಲು ತೆಗೆದರೆ ಮೂಗಿಗೆ ಘಾಟು ಬಡಿಯುತ್ತದೆ. ಚಳಿಗಾಲದ ಬೆಳಗ್ಗೆ ನೋಡಿದರೆ ಮಾಡಿನ ಒಳಮೈಯಲ್ಲಿ ನೀರಿನ ಹನಿ. ಮೂರು ಕಷ್ಟಕ್ಕೂ ಜನ ಮೂರು ಬೇರೆ ಬೇರೆ ಮದ್ದು ಹುಡುಕುತ್ತಾರೆ. ಮೂರರ ಬೇರೂ ಹೆಚ್ಚುಕಡಿಮೆ ಒಂದೇ: ಕೋಳಿಗಳು ಹೊರಬಿಡುವ ನೀರು ಮತ್ತು ಶಾಖಕ್ಕೆ ಗೂಡಿನಿಂದ ಹೊರಹೋಗಲು ದಾರಿಯಿಲ್ಲ.

ಹಾಗಾಗಿ ಅಡಿ, ಇಂಚುಗಳ ಲೆಕ್ಕಕ್ಕೆ ಹೋಗುವ ಮೊದಲು ನೀರಿನ ಲೆಕ್ಕ ನೋಡುವುದು ಒಳ್ಳೆಯದು.

ಕುಡಿದ ನೀರು ಎಲ್ಲಿಗೆ ಹೋಗುತ್ತದೆ?

ಮೊಟ್ಟೆಯಿಡುವ ಒಂದು ಹೇಂಟೆ ಹಿತವಾದ ಹವೆಯಲ್ಲಿ ದಿನಕ್ಕೆ ಸುಮಾರು 200ರಿಂದ 250 ಮಿಲಿಲೀಟರ್ ನೀರು ಕುಡಿಯುತ್ತದೆ. ಸೆಕೆ ಏರಿದರೆ ಇದು ಎರಡು ಪಟ್ಟಾಗಬಹುದು, ಅದಕ್ಕೂ ಮೀರಬಹುದು. ಅದರಲ್ಲಿ 40–45 ಮಿಲಿಲೀಟರಿನಷ್ಟು ಮೊಟ್ಟೆಯೊಳಗೆ ಸೇರಿ ಅಡುಗೆಮನೆಗೆ ಬರುತ್ತದೆ. ಉಳಿದದ್ದರಲ್ಲಿ ಬಹುಪಾಲು ಎರಡೇ ದಾರಿಯಲ್ಲಿ ಹೊರಬರುತ್ತದೆ, ಒಂದು ಹಿಕ್ಕೆ, ಇನ್ನೊಂದು ಉಸಿರು. ಕೋಳಿಗೆ ಪ್ರತ್ಯೇಕ ಮೂತ್ರವಿಲ್ಲ, ಎಲ್ಲವೂ ಹಿಕ್ಕೆಯ ಜೊತೆಗೇ ಬೀಳುತ್ತದೆ. ಹಸಿ ಹಿಕ್ಕೆಯ ತೂಕದಲ್ಲಿ ಮುಕ್ಕಾಲು ಪಾಲು ನೀರೇ.

10 ಹೇಂಟೆಗಳಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ನೆಲಕ್ಕೂ ಗಾಳಿಗೂ ಸೇರುತ್ತದೆ ಎಂದಾಯಿತು. ಅವು ಹಗಲೆಲ್ಲ ಹೊರಗೆ ಅಡ್ಡಾಡಿದರೆ ಆ ನೀರಿನ ಒಂದು ಪಾಲು ಅಂಗಳಕ್ಕೆ ಬೀಳುತ್ತದೆ. ರಾತ್ರಿಯದು ಮಾತ್ರ ಪೂರ್ತಿ ಗೂಡಿನ ಪಾಲು. ಒದ್ದೆ ಬಟ್ಟೆಗಳನ್ನು ಒಣಹಾಕಿ ಕಿಟಕಿ ಮುಚ್ಚಿದ ಕೋಣೆ ಹೇಗಿರುತ್ತದೋ, ಗಾಳಿಯಾಡದ ಕೋಳಿಗೂಡು ಬೆಳಗಾಗುವಷ್ಟರಲ್ಲಿ ಹಾಗಿರುತ್ತದೆ.

ಇದರ ಜೊತೆಗೆ ಶಾಖ. ಎರಡು ಕಿಲೋ ತೂಕದ ಹೇಂಟೆಯೊಂದು ಹಗಲೂ ರಾತ್ರಿ ಸುಮಾರು 10 ವ್ಯಾಟಿನಷ್ಟು ಶಾಖ ಹೊರಸೂಸುತ್ತಲೇ ಇರುತ್ತದೆ. ಹತ್ತು ಹೇಂಟೆಗಳೆಂದರೆ 100 ವ್ಯಾಟ್. ಚಳಿಯಲ್ಲಿ ಇದು ವರ. ಸೆಕೆಯಲ್ಲಿ, ಅದೂ ತಗ್ಗು ಮಾಡಿನ ಇಕ್ಕಟ್ಟು ಗೂಡಿನಲ್ಲಿ, ಇದೇ ಕಂಟಕ.

ಕೋಳಿ ಬೆವರುವುದಿಲ್ಲ

ಕೋಳಿಯ ಮೈಶಾಖ ಸಹಜವಾಗಿಯೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮನುಷ್ಯರಿಗೆ ಆ ಮಟ್ಟ ಜೋರು ಜ್ವರ. ಬೆವರಿನ ಗ್ರಂಥಿಗಳು ಕೋಳಿಗೆ ಇಲ್ಲ. ಮೈಗೆ ಗರಿಯ ಹೊದಿಕೆ ಬೇರೆ. ಸುಮಾರು 18ರಿಂದ 24 ಡಿಗ್ರಿಯವರೆಗೆ ಅದು ಆರಾಮವಾಗಿರುತ್ತದೆ. ಅದರ ಮೇಲಕ್ಕೆ ಹೋದಂತೆ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಲ್ಲುತ್ತದೆ, ಜುಟ್ಟಿಗೂ ಕೊಕ್ಕಿನಡಿ ಜೋತಾಡುವ ಕೆಂಪು ಜೋಲಿಗೂ ರಕ್ತ ಹರಿಸಿ ಅಲ್ಲಿಂದ ಶಾಖ ಕಳೆದುಕೊಳ್ಳುತ್ತದೆ. ತಾಪಮಾನ 30 ಡಿಗ್ರಿಯ ಹತ್ತಿರ ಬಂದಾಗ ಬಾಯಿ ತೆರೆದು ಏದುಸಿರು ಶುರು. ಬಾಯಿ, ಗಂಟಲಿನ ಒದ್ದೆ ಆವಿಯಾಗಿ ಹೋಗುವಾಗ ಶಾಖವನ್ನೂ ಒಯ್ಯುತ್ತದೆ. ಅಂದರೆ ಕೋಳಿಯ ತಂಪು ನಿಂತಿರುವುದೇ ಸುತ್ತಲಿನ ಗಾಳಿ ಎಷ್ಟು ಒಣಗಿದೆ ಎಂಬುದರ ಮೇಲೆ. ಗಾಳಿ ಆಗಲೇ ಆವಿಯಿಂದ ತುಂಬಿದ್ದರೆ ಎಷ್ಟು ಏದುಸಿರು ಬಿಟ್ಟರೂ ಪ್ರಯೋಜನ ಕಡಿಮೆ.

ಏದುಸಿರಿಗೆ ಇನ್ನೊಂದು ಬೆಲೆಯೂ ಇದೆ. ಬೇಗ ಬೇಗ ಉಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಹೋಗುತ್ತದೆ. ಮೊಟ್ಟೆಯ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಅದರ ಕಾರ್ಬೊನೇಟ್ ಭಾಗಕ್ಕೆ ಈ ಡೈಆಕ್ಸೈಡೇ ಮೂಲ. ಸೆಕೆಗಾಲದಲ್ಲಿ ಮೊಟ್ಟೆಯ ಚಿಪ್ಪು ತೆಳುವಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಮೇವಿಗೆ ಸುಣ್ಣದ ಅಂಶ ಸೇರಿಸುತ್ತಾ ಹೋದರೂ ಚಿಪ್ಪು ಗಟ್ಟಿಯಾಗದಿದ್ದರೆ ಒಮ್ಮೆ ಗೂಡಿನ ಮಾಡು ಮುಟ್ಟಿ ನೋಡಬೇಕು.

ಚಳಿಯ ಮಾತು ಬೇರೆ. ಗರಿಗಳ ನಡುವೆ ಸಿಕ್ಕಿದ ಗಾಳಿಯ ಪದರ ಒಳ್ಳೆಯ ಕಂಬಳಿ. ಮೈ ಒಣಗಿದ್ದು, ಗಾಳಿ ನೇರ ಬೀಸದಿದ್ದರೆ ಪೂರ್ತಿ ಗರಿ ಬಂದ ದೊಡ್ಡ ಕೋಳಿ ನೀರು ಹೆಪ್ಪುಗಟ್ಟುವ ಚಳಿಯನ್ನೂ ತಡೆದುಕೊಳ್ಳುತ್ತದೆ. ಗರಿ ಬಾರದ ಮರಿಗಳಿಗೆ ಈ ಮಾತು ಅನ್ವಯಿಸದು. ಅವುಗಳಿಗೆ ಬೆಚ್ಚನೆಯ ಪ್ರತ್ಯೇಕ ವ್ಯವಸ್ಥೆ ಬೇಕೇ ಬೇಕು.

ಘಾಟು ಎಲ್ಲಿಂದ ಬರುತ್ತದೆ?

ಹಿಕ್ಕೆಯ ತುದಿಯಲ್ಲಿ ಕಾಣುವ ಬಿಳಿ ಭಾಗ ಯೂರಿಕ್ ಆಮ್ಲ. ಅದು ಒಣಗಿದ್ದರೆ ಹೆಚ್ಚು ತೊಂದರೆಯಿಲ್ಲ. ತೇವ ಮತ್ತು ಬೆಚ್ಚಗೆ ಎರಡೂ ಸಿಕ್ಕರೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಅನಿಲ ಮಾಡುತ್ತವೆ. ಕಣ್ಣು ಉರಿಸುವ ಆ ಘಾಟು ಇದೇ.

ಕೋಳಿಯ ಉಸಿರಾಟದ ಏರ್ಪಾಡು ಇಂಥ ಅನಿಲಕ್ಕೆ ಬಹಳ ಸೂಕ್ಷ್ಮ. ಶ್ವಾಸಕೋಶಗಳ ಜೊತೆಗೆ ಅದಕ್ಕೆ ಸಾಮಾನ್ಯವಾಗಿ ಒಂಬತ್ತು ಗಾಳಿಚೀಲಗಳಿದ್ದು, ಅವು ಹೊಟ್ಟೆಯವರೆಗೂ ಚಾಚಿರುತ್ತವೆ. ಶ್ವಾಸನಾಳದ ಒಳಗೋಡೆಯಲ್ಲಿ ದೂಳು, ರೋಗಾಣುಗಳನ್ನು ಹೊರಗೆ ಗುಡಿಸುವ ನವಿರು ರೋಮಗಳಿವೆ. ಅಮೋನಿಯಾ ಮೊದಲು ಕೆಡಿಸುವುದು ಆ ರೋಮಗಳನ್ನು. ಗುಡಿಸುವವರೇ ಇಲ್ಲದ ಮೇಲೆ ನೆಗಡಿ, ಗೊರಗೊರ ಸದ್ದಿನ ಉಸಿರು, ಕಣ್ಣಿನ ಊತ ಒಂದರ ಹಿಂದೆ ಒಂದು ಬರುತ್ತವೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಮೋನಿಯಾ 25 ಭಾಗ ದಾಟಬಾರದು ಎಂಬುದು ಕೋಳಿ ಸಾಕಣೆಯಲ್ಲಿ ಸಾಮಾನ್ಯವಾಗಿ ಒಪ್ಪಿರುವ ಮಿತಿ. ಅಳೆಯುವ ಉಪಕರಣ ಎಲ್ಲರ ಬಳಿ ಇರುವುದಿಲ್ಲ, ಮೂಗು ಇರುತ್ತದೆ. ಒಂದೇ ಎಚ್ಚರಿಕೆ: ನಿಂತು ಮೂಸಿದರೆ ಸಾಲದು. ಅಮೋನಿಯಾ ಹುಟ್ಟುವುದು ನೆಲದ ಹಾಸಿನಲ್ಲಿ, ಅಂದರೆ ನೆಲಕ್ಕೆ ಹರಡಿದ ಹೊಟ್ಟು ಸಿಪ್ಪೆಗಳ ಪದರದಲ್ಲಿ, ಕೋಳಿ ಉಸಿರಾಡುವುದು ನೆಲದಿಂದ ಒಂದಡಿ ಎತ್ತರದಲ್ಲಿ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಕುಕ್ಕರಗಾಲಿನಲ್ಲಿ ಕೂತು, ಮುಖವನ್ನು ಕೋಳಿಯ ಮಟ್ಟಕ್ಕೆ ತಂದು ಉಸಿರೆಳೆಯಬೇಕು. ಆ ಮಟ್ಟದಲ್ಲಿ ವಾಸನೆ ಸ್ಪಷ್ಟವಾಗಿ ಬಡಿದರೆ ಗಾಳಿ ಸಾಲುತ್ತಿಲ್ಲ. ಕಣ್ಣು ಉರಿದರೆ ಪರಿಸ್ಥಿತಿ ಕೈಮೀರುತ್ತಿದೆ. ದಿನಾ ಅಲ್ಲೇ ಓಡಾಡುವವರ ಮೂಗು ಈ ವಾಸನೆಗೆ ಒಗ್ಗಿಹೋಗುತ್ತದೆ, ಆದ್ದರಿಂದ ಆಗೊಮ್ಮೆ ಈಗೊಮ್ಮೆ ಬೇರೆಯವರನ್ನು ಕರೆದು ಕೇಳುವುದು ಜಾಣತನ.

ಜಾಗದ ಲೆಕ್ಕ

ಈಗ ಅಡಿಗಳಿಗೆ ಬರೋಣ. ಹಗಲು ಹೊರಗೆ ಬಿಡುವ ಮನೆಯಂಗಳದ ಕೋಳಿಗಳಿಗೆ ಗೂಡಿನ ಒಳಗೆ ತಲಾ 4 ಚದರ ಅಡಿ, ಹೊರಗಿನ ಬೇಲಿಕಟ್ಟಿದ ಬಯಲಿನಲ್ಲಿ ತಲಾ 8ರಿಂದ 10 ಚದರ ಅಡಿ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಸಣ್ಣ ತಳಿಗಳಿಗೆ ಇನ್ನೂ ಕಡಿಮೆ ಸಾಕು, ಭಾರೀ ತಳಿಗಳಿಗೆ ಹೆಚ್ಚು ಬೇಕು. ವಾರಗಟ್ಟಲೆ ಹೊರಬಿಡಲಾಗದ ಮಳೆ ಅಥವಾ ಹಿಮದ ಊರಾದರೆ ಒಳಗಿನ ಜಾಗವನ್ನೇ ಒಂದೂವರೆ, ಎರಡು ಪಟ್ಟು ಮಾಡಿಕೊಳ್ಳಬೇಕು. ಆ ದಿನಗಳಲ್ಲಿ ಬಯಲು ಇದ್ದೂ ಇಲ್ಲದಂತೆ.

ದೊಡ್ಡ ಫಾರಂಗಳ ಅಳತೆ ಇದಕ್ಕಿಂತ ಬಿಗಿ ಎಂಬುದು ಹಲವರನ್ನು ಗೊಂದಲಕ್ಕೆ ಕೆಡವುತ್ತದೆ. ಯುರೋಪಿಯನ್ ಒಕ್ಕೂಟದ 1999ರ ನಿಯಮವನ್ನೇ ನೋಡಿ. ಪಂಜರವಿಲ್ಲದೆ ಸಾಕುವ ಮೊಟ್ಟೆಕೋಳಿಗಳಿಗೆ ಚದರ ಮೀಟರಿಗೆ 9 ಕೋಳಿಗಳವರೆಗೆ ಅದು ಅವಕಾಶ ಕೊಡುತ್ತದೆ, ಅಂದರೆ ತಲಾ ಸುಮಾರು 1.2 ಚದರ ಅಡಿ. ಹಾಗಾದರೆ ಮನೆಯಲ್ಲಿ 4 ಅಡಿ ಯಾಕೆ? ಫಾರಂನಲ್ಲಿ ಎಲ್ಲ ಕೋಳಿಗಳೂ ಒಂದೇ ತಳಿ, ಒಂದೇ ವಯಸ್ಸು. ಮಾಡು ಬಹಳ ಎತ್ತರ, ಗಾಳಿ ಓಡಿಸಲು ಯಂತ್ರಗಳಿರುತ್ತವೆ, ಹಾಸು ನೋಡಿಕೊಳ್ಳಲು ಆಳುಗಳಿರುತ್ತಾರೆ. ಅಂಗಳದ ಗೂಡಿನಲ್ಲಿ ಇದ್ಯಾವುದೂ ಇಲ್ಲ, ಇಲ್ಲಿ ಜಾಗವೇ ಯಂತ್ರದ ಕೆಲಸ ಮಾಡಬೇಕು. ಒಂದು ಚದರ ಅಡಿ ಹಾಸಿನ ಮೇಲೆ ಬೀಳುವ ಹಿಕ್ಕೆ ಎಷ್ಟು ಕಡಿಮೆಯೋ ಅದು ಅಷ್ಟು ಬೇಗ ಒಣಗುತ್ತದೆ. ಇಕ್ಕಟ್ಟಾದ ಗೂಡಿಗೆ ಎಷ್ಟು ಕಿಂಡಿ ಕೊರೆದರೂ ನೆಲ ಒದ್ದೆಯಾಗಿಯೇ ಉಳಿಯುವುದು ಈ ಕಾರಣಕ್ಕೆ.

ಜಾಗಕ್ಕೆ ಇನ್ನೊಂದು ಕೆಲಸವೂ ಉಂಟು. ಕೋಳಿಗಳಲ್ಲಿ ಮೇಲು ಕೀಳಿನ ಕಟ್ಟುನಿಟ್ಟಾದ ಸಾಲು ಇರುತ್ತದೆ. ಕೊಕ್ಕಿನೇಟು ತಿಂದ ಕೋಳಿ ಎರಡು ಹೆಜ್ಜೆ ದೂರ ಸರಿದರೆ ಜಗಳ ಅಲ್ಲಿಗೇ ಮುಗಿಯಿತು. ಸರಿಯಲು ಜಾಗವಿಲ್ಲದಿದ್ದರೆ ಗರಿ ಕೀಳುವುದು ಮೊದಲಾಗಿ, ರಕ್ತ ಕಂಡ ಮೇಲೆ ಉಳಿದವೂ ಸೇರಿಕೊಂಡು ಒಂದನ್ನೇ ಕುಕ್ಕಿ ಕೊಲ್ಲುವವರೆಗೂ ಹೋಗುತ್ತದೆ.

ಕೂರುವ ಗಳಕ್ಕೆ ತಲಾ 20ರಿಂದ 25 ಸೆಂಟಿಮೀಟರ್ ಉದ್ದ ಇರಲಿ. ಯುರೋಪಿನ ನಿಯಮದ ಕನಿಷ್ಠ 15, ಆದರೆ ಸೆಕೆಯ ರಾತ್ರಿಗಳಲ್ಲಿ ಒಂದಕ್ಕೊಂದು ತಾಗದೆ ಕೂರಲು ಅದು ಸಾಲದು. ಗಳದಿಂದ ಗಳಕ್ಕೆ ಒಂದಡಿ, ಗೋಡೆಯಿಂದ ಮುಕ್ಕಾಲು ಅಡಿ ಅಂತರ ಬೇಕು. ಕೋಳಿಗಳು ಸಿಕ್ಕ ಜಾಗಗಳಲ್ಲಿ ಎಲ್ಲಕ್ಕಿಂತ ಎತ್ತರದ್ದನ್ನೇ ಮಲಗಲು ಆರಿಸಿಕೊಳ್ಳುತ್ತವೆ. ಆದ್ದರಿಂದ ಮೊಟ್ಟೆಪೆಟ್ಟಿಗೆ ಗಳಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಅದನ್ನು ಹೊಲಸು ಮಾಡುತ್ತವೆ. ನಾಲ್ಕೈದು ಹೇಂಟೆಗೆ ಒಂದಡಿ ಅಗಲ, ಒಂದಡಿ ಉದ್ದದ ಒಂದು ಪೆಟ್ಟಿಗೆ ಸಾಕು. ಪೆಟ್ಟಿಗೆಯ ಅಂಚು ಹೊರಗೆ ಚಾಚಿಕೊಂಡಿದ್ದರೆ ಅದನ್ನು ನೆಲದ ಲೆಕ್ಕಕ್ಕೆ ಸೇರಿಸಬಾರದು. ಸಿದ್ಧ ಗೂಡುಗಳ ದೊಡ್ಡ ಸಂಖ್ಯೆಗಳು ಹುಟ್ಟುವುದು ಬಹಳ ಸಲ ಇಂಥ ಸೇರ್ಪಡೆಗಳಿಂದಲೇ.

ಗಾಳಿಯಾಟ ಬೇರೆ, ಗಾಳಿ ಹೊಡೆತ ಬೇರೆ

ಗೂಡಿಗೆ ಗಾಳಿ ಬೇಕು ಎಂದ ಕೂಡಲೇ ‘ಕೋಳಿಗೆ ಶೀತವಾಗುವುದಿಲ್ಲವೇ’ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿಕೊಳ್ಳಬೇಕು. ಹಳೆಯ ಗಾಳಿ ಹೋಗಿ ಹೊಸ ಗಾಳಿ ಬರುವುದು ಗಾಳಿಯಾಟ. ಮಲಗಿದ ಕೋಳಿಯ ಮೈಗೆ ನೇರವಾಗಿ ಬೀಸಿ ಗರಿ ಎಬ್ಬಿಸುವುದು ಗಾಳಿ ಹೊಡೆತ. ಗರಿ ಎದ್ದರೆ ಅದರೊಳಗಿನ ಬೆಚ್ಚನೆಯ ಪದರ ಹಾರಿಹೋಗುತ್ತದೆ. ಮೊದಲನೆಯದು ವರ್ಷವಿಡೀ ಬೇಕು. ಎರಡನೆಯದು ಚಳಿಯಲ್ಲಿ ಕೂಡದು, ಸೆಕೆಯಲ್ಲಿ ಮಾತ್ರ ಒಳ್ಳೆಯದು.

ವಿದ್ಯುತ್ತಿಲ್ಲದೆ ಗಾಳಿ ಓಡಾಡಲು ಎರಡು ಬಲಗಳಿವೆ. ಒಂದು ಹೊರಗಿನ ಬೀಸುಗಾಳಿ. ಎದುರುಬದುರು ಗೋಡೆಗಳಲ್ಲಿ ತೆರಪಿದ್ದರೆ ಅದು ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಟುಹೋಗುತ್ತದೆ. ಒಂದೇ ಗೋಡೆಯಲ್ಲಿ ದೊಡ್ಡ ಕಿಟಕಿಯಿಟ್ಟರೆ ಗಾಳಿ ಕಿಟಕಿಯವರೆಗೆ ಬಂದು ನಿಂತುಬಿಡುತ್ತದೆ. ಇನ್ನೊಂದು ಬಲ ಶಾಖದ್ದು. ಕೋಳಿಯ ಮೈ ತಾಗಿ ಬಿಸಿಯಾದ ಗಾಳಿ ಹಗುರಾಗಿ ಮೇಲೇರುತ್ತದೆ. ನೀರಾವಿ ಒಣಗಾಳಿಗಿಂತ ಹಗುರ, ಅದೂ ಜೊತೆಯಲ್ಲಿ ಏರುತ್ತದೆ. ಮಾಡಿನ ತುದಿಯಲ್ಲಿ ಬಾಯಿ ಇದ್ದರೆ ಎರಡೂ ಹೊರಗೆ, ಆ ತೆರವು ತುಂಬಲು ಕೆಳಗಿನ ಕಿಂಡಿಯಿಂದ ತಂಪು ಗಾಳಿ ಒಳಗೆ. ಮೇಲಿನ ಬಾಯಿಗೂ ಕೆಳಗಿನ ಕಿಂಡಿಗೂ ಎತ್ತರದ ಅಂತರ ಹೆಚ್ಚಿದಷ್ಟೂ ಈ ಎಳೆತ ಜೋರು. ತಗ್ಗು ಗೂಡುಗಳು ಸೋಲುವುದು ಇಲ್ಲಿ, ಅವುಗಳಲ್ಲಿ ಎಳೆಯಲು ಎತ್ತರವೇ ಇಲ್ಲ.

ಹಿತವಾದ ಹವೆಗೆ ಕೋಳಿಯೊಂದಕ್ಕೆ ಒಂದು ಚದರ ಅಡಿ ತೆರಪು ಎಂಬ ಅಂದಾಜಿನಿಂದ ಶುರುಮಾಡಬಹುದು. ಸೆಕೆಯ ನಾಡಿನಲ್ಲಿ ಅದು ಕನಿಷ್ಠಕ್ಕಿಂತಲೂ ಕೆಳಗೆ. ಜಾಲರಿಯ ತಂತಿಯೂ ಒಂದಷ್ಟು ಜಾಗ ತಿನ್ನುತ್ತದೆ, ಅದರ ಮೇಲೆ ದೂಳು, ಜೇಡರ ಬಲೆ ಕಟ್ಟಿಕೊಂಡರೆ ಇನ್ನಷ್ಟು ಹೋಗುತ್ತದೆ. ತೆರಪು ಹೆಚ್ಚಿಟ್ಟು ಬೇಕಾದಾಗ ಮುಚ್ಚುವ ಹಲಗೆ ಜೋಡಿಸುವುದು ಸುಲಭ. ಇಲ್ಲದ ತೆರಪನ್ನು ಆಮೇಲೆ ಗೋಡೆ ಕೊಯ್ದು ಮಾಡುವುದು ತಲೆನೋವು.

ನಿಮ್ಮ ಹವೆ ಯಾವುದು?

ಗೂಡಿನ ನಕ್ಷೆ ಬರೆಯುವ ಮೊದಲು ನಾಲ್ಕು ಸಂಗತಿ ತಿಳಿದಿರಬೇಕು: ಅತಿ ಬಿಸಿ ತಿಂಗಳ ಮಧ್ಯಾಹ್ನದ ತಾಪಮಾನ, ಆ ಹೊತ್ತಿನ ತೇವಾಂಶ, ಅತಿ ತಂಪಾದ ರಾತ್ರಿಯ ತಾಪಮಾನ, ಮತ್ತು ಮಳೆ ಯಾವ ದಿಕ್ಕಿನಿಂದ ಓರೆಯಾಗಿ ಬೀಳುತ್ತದೆ ಎಂಬುದು. ಮೊದಲ ಮೂರನ್ನು ಹವಾಮಾನ ಇಲಾಖೆಗಳ ದಾಖಲೆಗಳು ಹೇಳುತ್ತವೆ. ನಾಲ್ಕನೆಯದನ್ನು ಮನೆಯ ಯಾವ ಗೋಡೆ ಹೆಚ್ಚು ಪಾಚಿಗಟ್ಟಿದೆ ಎಂದು ನೋಡಿ ಊಹಿಸಬಹುದು. ವರ್ಷದ ಸರಾಸರಿಯನ್ನು ನಂಬಿ ಕಟ್ಟುವುದು ಅಪಾಯ. ಕೋಳಿ ಸಾಯುವುದು ವರ್ಷದ ಅತಿ ಕೆಟ್ಟ ಎರಡು ಮೂರು ಮಧ್ಯಾಹ್ನಗಳಲ್ಲಿ.

ಗಾಳಿ ಹಿಡಿದುಕೊಳ್ಳುವ ಆವಿಯ ಲೆಕ್ಕವೊಂದು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಒಂದು ಘನ ಮೀಟರ್ ಗಾಳಿ 0 ಡಿಗ್ರಿಯಲ್ಲಿ ಹೆಚ್ಚೆಂದರೆ ಸುಮಾರು 5 ಗ್ರಾಂ ನೀರಾವಿ ಹಿಡಿಯುತ್ತದೆ. 10 ಡಿಗ್ರಿಯಲ್ಲಿ 9 ಗ್ರಾಂ ದಾಟುತ್ತದೆ, 20ರಲ್ಲಿ 17, 30ರಲ್ಲಿ 30 ಗ್ರಾಂ. ಮುಂದಿನ ಮಾತುಗಳಿಗೆಲ್ಲ ಈ ಸಾಲೇ ಆಧಾರ.

ಒಣ ಸೆಕೆ

ಬಿರುಬಿಸಿಲು, ಒಣಗಾಳಿ, ರಾತ್ರಿ ತುಸು ತಂಪು ಇರುವ ಕಡೆ ಮೊದಲ ಶತ್ರು ಮಾಡು. ಬರಿಯ ಲೋಹದ ತಗಡು ಬಿಸಿಲಿನಲ್ಲಿ 60 ಡಿಗ್ರಿ ದಾಟುತ್ತದೆ, ಕೆಳಗಿರುವ ಕೋಳಿಗೆ ಗಾಳಿಯ ಬಿಸಿಗಿಂತ ಆ ತಗಡಿನ ಝಳವೇ ಹೆಚ್ಚು. ಮೇಲೆ ಬಿಳಿ ಸುಣ್ಣ ಬಳಿಯುವುದು, ತಗಡಿನ ಕೆಳಗೆ ನಾಲ್ಕಾರು ಇಂಚು ಬಿಟ್ಟು ಇನ್ನೊಂದು ಪದರ ಕೊಡುವುದು, ಹುಲ್ಲು ಅಥವಾ ಸೋಗೆ ಹೊದಿಸುವುದು, ಇವುಗಳಲ್ಲಿ ಯಾವುದಾದರೂ ಒಂದು ಆಗಲೇಬೇಕು. ಉದ್ದನೆಯ ಗೋಡೆಗಳು ಉತ್ತರ ದಕ್ಷಿಣಕ್ಕೆ ಮುಖ ಮಾಡಿ, ಗೂಡಿನ ಉದ್ದ ಪೂರ್ವ ಪಶ್ಚಿಮವಾಗಿ ಮಲಗಿದ್ದರೆ ಬೆಳಗಿನ, ಸಂಜೆಯ ಓರೆ ಬಿಸಿಲು ಚಿಕ್ಕ ಗೋಡೆಗಳಿಗಷ್ಟೇ ಬೀಳುತ್ತದೆ.

ಒಣಗಾಳಿಯಲ್ಲಿ ನೀರು ಬೇಗ ಆವಿಯಾಗುವುದರಿಂದ ಒದ್ದೆ ಗೋಣಿಪರದೆ, ಮಂಜಿನಂತೆ ನೀರು ಚಿಮುಕಿಸುವ ಕೊಳವೆ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಹೊರಗಿನ ಗಾಳಿ 40 ಡಿಗ್ರಿ ದಾಟಿದ ಹೊತ್ತಿನಲ್ಲಿ ಫ್ಯಾನ್ ಹಾಕಿದರೆ ಕೋಳಿಯ ಮೈಗೆ ಬಡಿಯುವುದು ಅದರಷ್ಟೇ ಬಿಸಿಯಾದ ಗಾಳಿ. ಶಾಖ ಬಿಸಿಯಿಂದ ತಂಪಿನ ಕಡೆಗಷ್ಟೇ ಹರಿಯುವುದರಿಂದ ಬರಿಯ ಗಾಳಿಗೆ ಆಗ ತಂಪು ಮಾಡುವ ಶಕ್ತಿ ಉಳಿದಿರುವುದಿಲ್ಲ. ಅಂಥ ಮಧ್ಯಾಹ್ನ ಬಿಸಿಗಾಳಿ ಬರುವ ಕಡೆ ಒದ್ದೆ ಪರದೆ ಇಳಿಬಿಟ್ಟು, ಸಂಜೆಯಾದ ಮೇಲೆ ಎಲ್ಲ ತೆರೆಯುವುದು ಸರಿಯಾದ ಕ್ರಮ.

ತೇವದ ಸೆಕೆ ಮತ್ತು ಜಡಿಮಳೆ

ಎಲ್ಲಕ್ಕಿಂತ ಕಷ್ಟದ ಹವೆ ಇದು. ಗಾಳಿ 30 ಡಿಗ್ರಿಯಿದ್ದು ಆಗಲೇ 26–27 ಗ್ರಾಂ ಆವಿ ಹೊತ್ತಿದ್ದರೆ ಆ ಬಿಸಿಯಲ್ಲಿ ಅದಕ್ಕೆ ಜಾಗ ಉಳಿದಿರುವುದೇ ಮೂರು ನಾಲ್ಕು ಗ್ರಾಂ, ಕೋಳಿಯ ಬಾಯಿಯ ಒದ್ದೆ ಆವಿಯಾಗುವುದೂ ಕಷ್ಟ. ಇಲ್ಲಿ ನೀರು ಚಿಮುಕಿಸಿದರೆ ಆ ಜಾಗವನ್ನೂ ನಾವೇ ತುಂಬಿಸಿದಂತೆ. ಒಣನಾಡಿನಲ್ಲಿ ಪ್ರಾಣ ಉಳಿಸಿದ ಉಪಾಯವೇ ಇಲ್ಲಿ ಪ್ರಾಣ ತೆಗೆಯಬಹುದು. ಇಲ್ಲಿ ನಂಬಬೇಕಾದದ್ದು ಓಡುವ ಗಾಳಿಯನ್ನು. ಗಾಳಿಯ ಬಿಸಿ ಕೋಳಿಯ ಮೈಶಾಖಕ್ಕಿಂತ ಇನ್ನೂ ಎಷ್ಟೋ ಕೆಳಗಿರುವುದರಿಂದ ಫ್ಯಾನ್ ಗಾಳಿ ಗರಿಗಳೆಡೆಯಿಂದ ಶಾಖ ಕೀಳುತ್ತದೆ.

ಗೋಡೆ ಎಂಬುದೇ ಇಲ್ಲಿ ಹೆಚ್ಚಿನ ಮಾತು. ಉದ್ದದ ಎರಡೂ ಬದಿಗೆ ಒಂದರಿಂದ ಒಂದೂವರೆ ಅಡಿ ಎತ್ತರದ ಕಿರುಗೋಡೆ, ಅದರ ಮೇಲೆ ಮಾಡಿನವರೆಗೂ ಜಾಲರಿ. ಜಾಲರಿ ಅರ್ಧ ಇಂಚಿನ ಕಣ್ಣಿನದು, ಬೆಸೆದ ತಂತಿಯದು ಆಗಿರಲಿ. ಷಟ್ಕೋನದ ತೆಳು ತಂತಿಯ ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಹಲ್ಲು ಗಟ್ಟಿಯಿರುವ ಬೇಟೆಪ್ರಾಣಿಯನ್ನು ಹೊರಗಿಡುವುದಿಲ್ಲ. ಗೂಡಿನ ಅಗಲ ಮಿತವಾಗಿರಬೇಕು. ಯಂತ್ರವಿಲ್ಲದೆ ಗಾಳಿಯಾಡಬೇಕಾದ ದೊಡ್ಡ ಕೋಳಿಮನೆಗಳಲ್ಲೂ ಅಗಲ 30 ಅಡಿ ದಾಟಿಸುವುದಿಲ್ಲ, ದಾಟಿದರೆ ನಡುಮಧ್ಯದ ಗಾಳಿ ನಿಂತುಹೋಗುತ್ತದೆ. ಇಟ್ಟಿಗೆಯ ದಪ್ಪ ಗೋಡೆ ಹಗಲಿನ ಶಾಖ ಹೀರಿ ರಾತ್ರಿ ಬಿಡುವುದರಿಂದ ರಾತ್ರಿಯೂ ತಣಿಯದ ಇಂಥ ಊರುಗಳಿಗೆ ಮರ, ಬಿದಿರಿನ ಹಗುರ ಕಟ್ಟೋಣವೇ ವಾಸಿ.

ಇಷ್ಟು ತೆರೆದಿಟ್ಟ ಮೇಲೆ ಮಳೆ ಒಳಗೆ ಬಾರದಿರುವುದು ಹೇಗೆ? ಉತ್ತರ ಮಾಡಿನ ಅಂಚಿನಲ್ಲಿದೆ. ಅದು ಗೋಡೆಯಿಂದ ಮೂರು ಮೂರೂವರೆ ಅಡಿ ಹೊರಚಾಚಿದ್ದರೆ ಓರೆಮಳೆಯ ಬಹುಪಾಲು ಹೊರಗೇ ಬೀಳುತ್ತದೆ. ಬಿರುಮಳೆಗೆ ಪರದೆ ಬೇಕಾದರೆ ಅದನ್ನು ಕೆಳಗೆ ಬಿಗಿದು, ಮೇಲಕ್ಕೆ ಎಳೆದು ಮುಚ್ಚುವಂತೆ ಮಾಡಬೇಕು. ಪೂರ್ತಿ ಎಳೆದಾಗಲೂ ಮೇಲೆ ಒಂದು ಗೇಣು ತೆರಪು ಉಳಿಯಲಿ. ಸಾಮಾನ್ಯ ಕಿಟಕಿ ಪರದೆಯಂತೆ ಮೇಲಿನಿಂದ ಇಳಿಬಿಟ್ಟರೆ ಆವಿ ಹೊರಹೋಗುವ ದಾರಿಯೇ ಮೊದಲು ಮುಚ್ಚಿಕೊಂಡು, ಚಳಿಗಾಳಿ ಮಾತ್ರ ಕೆಳಗಿನಿಂದ ಕೋಳಿಯ ಕಾಲಿಗೆ ಬಡಿಯುತ್ತದೆ. ಮಳೆ ಬಂತೆಂದು ಟಾರ್ಪಾಲು ಸುತ್ತಿ ಕಟ್ಟುವುದು ಪ್ರೀತಿಯಿಂದ ಮಾಡುವ ಕೆಲಸವೇ, ಕೋಳಿಗೆ ಮಾತ್ರ ಅದರಿಂದ ಕೇಡು. ನೆಲ ಅಂಗಳಕ್ಕಿಂತ ಒಂದಡಿಯಾದರೂ ಎತ್ತರದಲ್ಲಿರಲಿ, ಕೆಳಗಿನಿಂದ ಏರುವ ಒದ್ದೆಗೆ ಯಾವ ಕಿಂಡಿಯೂ ಮದ್ದಲ್ಲ.

ಚಳಿ

ಚಳಿಯಲ್ಲಿ ಕಿಂಡಿ ತೆರೆದಿಡಿ ಎಂದರೆ ಹೆಚ್ಚಿನವರು ನಂಬುವುದಿಲ್ಲ. ಮೇಲಿನ ಲೆಕ್ಕವನ್ನು ಇಲ್ಲಿಗೆ ತನ್ನಿ. ಹೊರಗೆ 0 ಡಿಗ್ರಿ, ಗಾಳಿ ತುಂಬಾ ಮಂಜು. ಆ ಗಾಳಿಯಲ್ಲಿರುವುದು ಘನ ಮೀಟರಿಗೆ ಸುಮಾರು 5 ಗ್ರಾಂ ಆವಿ. ಅದು ಒಳಗೆ ಬಂದು ಕೋಳಿಗಳ ಶಾಖಕ್ಕೆ 10 ಡಿಗ್ರಿಯಾದರೆ 9 ಗ್ರಾಂ ಹಿಡಿಯಬಲ್ಲದು. ಅಂದರೆ ಹೊರಗೆ ಒದ್ದೆಯೆನಿಸಿದ ಗಾಳಿಯೇ ಒಳಗೆ ಅರ್ಧ ಒಣಗಿದ ಗಾಳಿಯಾಯಿತು. ನಾಲ್ಕು ಗ್ರಾಂ ಒದ್ದೆ ಹೊತ್ತು ಮೇಲಿನ ಬಾಯಿಯಿಂದ ಹೊರಡುತ್ತದೆ. ಗೂಡಿನ ಒದ್ದೆ ಕಳೆಯಲು ಚಳಿಗಾಳಿಯಷ್ಟು ಅಗ್ಗದ ಸಾಧನ ಇನ್ನೊಂದಿಲ್ಲ.

ಮುಚ್ಚಿಬಿಟ್ಟರೆ? ಬೆಚ್ಚನೆಯ ಒದ್ದೆ ಗಾಳಿ ತಣ್ಣನೆಯ ಮಾಡಿಗೆ ತಾಗಿ ಹನಿಯಾಗುತ್ತದೆ, ಹನಿ ಹಾಸಿನ ಮೇಲೂ ಕೋಳಿಯ ಬೆನ್ನ ಮೇಲೂ ಬೀಳುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲಿ ಜುಟ್ಟು ಸೆಟೆದು ಕಪ್ಪಾಗುವುದಕ್ಕೆ ಚಳಿಯ ಜೊತೆಗೆ ಈ ಒದ್ದೆಯೂ ಕಾರಣ. ದೊಡ್ಡ ಒಂಟಿ ಜುಟ್ಟಿನ ತಳಿಗಳಿಗೆ ಇದರ ಕಾಟ ಹೆಚ್ಚು.

ಆದ್ದರಿಂದ ಚಳಿಯ ನಾಡಿನಲ್ಲಿ ಕಿಂಡಿಗಳು ಮಲಗಿದ ಕೋಳಿಯ ತಲೆಗಿಂತ ಮೇಲೆ, ಮಾಡಿನ ಅಂಚಿಗೆ ಹತ್ತಿರ ಇರಬೇಕು, ಎದುರುಬದುರು ಎರಡೂ ಕಡೆ. ಗಳದ ಮಟ್ಟದ ತೆರಪುಗಳನ್ನು ಮುಚ್ಚಿಬಿಡಿ. ಗಳ ಎರಡು ಇಂಚು ಅಗಲ ಚಪ್ಪಟೆಯಾಗಿದ್ದರೆ ಕೂತ ಕೋಳಿಯ ಬೆರಳುಗಳು ಗರಿಯ ಕೆಳಗೆ ಮುಚ್ಚಿಕೊಳ್ಳುತ್ತವೆ. ಒಣ ಹೊಟ್ಟು, ಬೆಚ್ಚಗಿಡಲೆಂದು ತೂಗುಹಾಕಿದ ಕೆಂಪು ಬಲ್ಬು, ರೆಕ್ಕೆ ಬಡಿಯುವ ಕೋಳಿ ಒಂದೇ ಕಡೆ ಸೇರಿದರೆ ಬೆಂಕಿಗೆ ಬೇರೆ ಕಾರಣ ಬೇಕಿಲ್ಲ. ದೊಡ್ಡ ಕೋಳಿಗಳಿಗೆ ಸಾಮಾನ್ಯವಾಗಿ ಆ ದೀಪದ ಅಗತ್ಯವೂ ಇಲ್ಲ.

ಬಹುತೇಕ ಊರುಗಳಲ್ಲಿ ವರ್ಷದೊಳಗೆ ಇಂಥ ಎರಡು ಹವೆಗಳಾದರೂ ಬಂದುಹೋಗುತ್ತವೆ. ಆಗ ಸೆಕೆಗೆಂದು ಕಟ್ಟಿ, ಚಳಿಗೆ ಕೆಳಭಾಗ ಮುಚ್ಚುವ ಹಲಗೆಗಳನ್ನು ಇಟ್ಟುಕೊಳ್ಳುವುದು ಸುಲಭ. ಮೇಲಿನ ಕಿಂಡಿಗೆ ಮಾತ್ರ ಹಲಗೆಯನ್ನೇ ಮಾಡಿಸಬೇಡಿ.

ಆರು ಹೇಂಟೆಗಳ ಗೂಡು: ಒಂದು ಲೆಕ್ಕ

ನೆಲ 6 ಅಡಿ ಉದ್ದ, 4 ಅಡಿ ಅಗಲ. 24 ಚದರ ಅಡಿ, ತಲಾ ನಾಲ್ಕು. ಆರು ಕೋಳಿಗೆ ತಲಾ 25 ಸೆಂಟಿಮೀಟರಿನಂತೆ ಗಳ ಒಂದೂವರೆ ಮೀಟರ್, ಅಂದರೆ ಸುಮಾರು 5 ಅಡಿ, 6 ಅಡಿಯ ಬದಿಯಲ್ಲಿ ಒಂದೇ ಸಾಲಿಗೆ ಮುಗಿಯಿತು. ಮೊಟ್ಟೆಪೆಟ್ಟಿಗೆ ಎರಡು. ತೆರಪು 6 ಚದರ ಅಡಿ ಬೇಕು. ಉದ್ದದ ಎರಡೂ ಗೋಡೆಗಳಲ್ಲಿ ಮಾಡಿನ ಕೆಳಗೆ ಅರ್ಧ ಅಡಿ ಅಗಲದ ಪಟ್ಟಿಯನ್ನು ಪೂರ್ತಿ ಉದ್ದಕ್ಕೆ ಬಿಟ್ಟರೆ ಮೂರು ಮೂರು ಸೇರಿ ಆರು. ಚಳಿಯ ಊರಿಗೆ ಇದು ಸಾಕಾಗುತ್ತದೆ. ಸೆಕೆಯ ಊರಾದರೆ ಅದೇ ಎರಡು ಗೋಡೆಗಳನ್ನು ಕಿರುಗೋಡೆಗೆ ಇಳಿಸಿ ಉಳಿದದ್ದಕ್ಕೆ ಜಾಲರಿ ಹಾಕಬೇಕು. ಎತ್ತರ ನಿಂತು ಗುಡಿಸುವಷ್ಟಿರಲಿ, ಬಗ್ಗಿ ಗುಡಿಸಬೇಕಾದ ಗೂಡನ್ನು ಯಾರೂ ಸರಿಯಾಗಿ ಗುಡಿಸುವುದಿಲ್ಲ. ಹೊರಗೆ ಬೇಲಿಯೊಳಗೆ 50–60 ಚದರ ಅಡಿ, ಅದರಲ್ಲಿ ಒಂದು ಪಾಲಿಗಾದರೂ ನೆರಳು.

ನೆಲದ ಹಾಸಿಗಾಗಿ ಭತ್ತದ ಹೊಟ್ಟು, ಮರ ಹೆರೆದ ಸಿಪ್ಪೆ, ಕಡಲೆಕಾಯಿ ಸಿಪ್ಪೆ, ಯಾವುದೂ ಆದೀತು. ನುಣ್ಣಗಿನ ಗರಗಸದ ಪುಡಿ ದೂಳೆಬ್ಬಿಸುತ್ತದೆ. ಮೂರು ನಾಲ್ಕು ಇಂಚು ದಪ್ಪದಿಂದ ಶುರುಮಾಡಿ ಆಗಾಗ ಕೆದಕುತ್ತಿರಬೇಕು. ನೀರಿನ ಪಾತ್ರೆ ಕೋಳಿಯ ಬೆನ್ನಿನ ಮಟ್ಟಕ್ಕೆ ತೂಗಿದ್ದರೆ ಚೆಲ್ಲುವುದು ಕಡಿಮೆ. ಆದರೆ ಹೊರಗಿಡಲು ಸಾಧ್ಯವಿದ್ದರೆ ಗೂಡಿನೊಳಗೆ ನೀರೇ ಬೇಡ.

ಸಾಲುತ್ತಿದೆಯೇ ಎಂದು ತಿಳಿಯುವುದು

ಒಂದು ಹಿಡಿ ಹಾಸನ್ನು ಗಳದ ಕೆಳಗಿನಿಂದ ತೆಗೆದು ಮುಷ್ಟಿಯಲ್ಲಿ ಅದುಮಿ ಬಿಡಿ. ತುಸು ಅಂಟಿಕೊಂಡು, ಕೈ ಬಿಟ್ಟ ಕೂಡಲೇ ಉದುರಿದರೆ ತೇವ ಸರಿಯಾಗಿದೆ. ಉಂಡೆಯಾಗಿಯೇ ಉಳಿದರೆ ಹೆಚ್ಚು. ಒಟ್ಟೂ ಅಂಟದೆ ದೂಳಾಗಿ ಹಾರಿದರೆ ಅತಿ ಒಣಗಿದೆ, ಅದೂ ಕೋಳಿಯ ಉಸಿರಿಗೆ ಒಳ್ಳೆಯದಲ್ಲ.

ಗಾಳಿಯ ದಾರಿ ನೋಡಲು ಒಂದು ಊದುಬತ್ತಿ ಸಾಕು. ಹೊಟ್ಟಿಗೆ ಕಿಡಿ ತಾಗದಂತೆ ಹುಷಾರಾಗಿ ಹಿಡಿದುಕೊಂಡು ಸಂಜೆ ಗಳದ ಪಕ್ಕ ನಿಂತರೆ ಹೊಗೆ ಎಲ್ಲ ಹೇಳುತ್ತದೆ. ನೆಟ್ಟಗೆ ಏರಿ ಮಾಡಿನ ಕಿಂಡಿಯಿಂದ ಹೊರಟರೆ ಸರಿ. ಮಾಡಿನ ಕೆಳಗೆ ಸುತ್ತುತ್ತಾ ನಿಂತರೆ ಮೇಲೆ ಬಾಯಿ ಸಾಲದು. ಕೋಳಿ ಕೂರುವ ಜಾಗದಲ್ಲೇ ಅಡ್ಡಕ್ಕೆ ಹಾರಿದರೆ ಗಾಳಿ ಹೊಡೆಯುತ್ತಿದೆ, ಅದು ಬರುವ ಕಡೆ ಒಂದು ಹಲಗೆ ಬೇಕು.

ಈಗಾಗಲೇ ಕಟ್ಟಿರುವ ಗೂಡನ್ನು ಸರಿಪಡಿಸುವುದಾದರೆ ಮೊದಲು ಚೆಲ್ಲುವ ನೀರು ನಿಲ್ಲಿಸಿ, ಆಮೇಲೆ ಮಾಡಿನ ತುದಿಗೆ ಹತ್ತಿರ ಎದುರುಬದುರು ಕಿಂಡಿ ಕೊರೆಯಿರಿ. ಎರಡು ವಾರ ಬಿಟ್ಟು ಮುಷ್ಟಿ ಪರೀಕ್ಷೆ ಮತ್ತೆ ಮಾಡಿ. ಆಗಲೂ ಹಾಸು ಉಂಡೆ ಕಟ್ಟುತ್ತಿದ್ದರೆ ನೆಲ ಹಿಗ್ಗಿಸಬೇಕು, ಇಲ್ಲವೇ ಕೋಳಿಗಳ ಸಂಖ್ಯೆ ಕಡಿಮೆ ಮಾಡಬೇಕು.